ಹಳೆಯ ಕಾರಿನ ಸ್ವಿಚ್ಚು ಇದ್ದಲ್ಲೇ ಇರಬೇಕೆ?

ಹಳೆಯ ಕಾರುಗಳನ್ನು ಸಾಕಿಕೊಂಡವರ ನಡುವೆ ಒಂದು ನಂಬಿಕೆ ವೇದವಾಕ್ಯದಂತೆ ಚಾಲ್ತಿಯಲ್ಲಿದೆ. ಕಾರು ಕಾರ್ಖಾನೆಯ ಬಾಗಿಲು ದಾಟಿದ ದಿನ ಹೇಗಿತ್ತೋ ಇಂದಿಗೂ ಹಾಗೆಯೇ ಇರಬೇಕು, ಒಂದು ಸ್ವಿಚ್ಚು ಜಾಗ ಬಿಟ್ಟು ಕದಲಿದರೂ ಅದರ ಮೂಲತನ ಕೆಟ್ಟಿತು ಎಂಬುದೇ ಆ ನಂಬಿಕೆ. ಕೈಗೆಟುಕದ ಗುಂಡಿ, ಕಾಲಿನಿಂದ ಒತ್ತಿ ಹೆಡ್‌ಲೈಟ್ ತಗ್ಗಿಸುವ ಡಿಪ್ಪರ್, ಎರಡು ಪೆಡಲ್‌ಗಳ ನಡುವೆ ಸಿಕ್ಕಿಕೊಂಡ ಆಕ್ಸಿಲರೇಟರ್ ಇವೆಲ್ಲ ತೊಂದರೆ ಎಂದು ಯಾರಾದರೂ ಗೊಣಗಿದರೆ, ಓಡಿಸಲು ಬಾರದವರಿಗೆ ಹಳೆಯ ಕಾರಿನ ಉಸಾಬರಿ ಏಕೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದಕ್ಕೆ ಎದುರು ಇನ್ನೊಂದು ಪಕ್ಷವಿದೆ. ನನ್ನ ಕಾರು, ನನ್ನ ದುಡ್ಡು, ನನ್ನ ಅನುಕೂಲ ಎನ್ನುವ ಇವರು ಮರುದಿನವೇ ಗ್ಯಾರೇಜಿಗೆ ಹೋಗಿ ಡ್ಯಾಶ್‌ಬೋರ್ಡಿಗೆ ತೂತು ಹೊಡೆಸುತ್ತಾರೆ. ಇಬ್ಬರೂ ಪರಸ್ಪರ ಹಳಿದುಕೊಂಡರೂ ಅವರ ಗೊಂದಲ ಒಂದೇ. ಚಾಲಕನ ಕೈಕಾಲಿಗೆ ಒದಗುವ ಗುಂಡಿ, ಲಿವರ್, ಪೆಡಲ್, ಸ್ವಿಚ್ಚುಗಳನ್ನು ಒಟ್ಟಾಗಿ ಕಂಟ್ರೋಲ್ ಎಂದು ಕರೆಯುವುದಾದರೆ, ಒಂದು ಕಂಟ್ರೋಲ್ ‘ಒಂದು ಜಾಗದಲ್ಲಿದೆ’ ಎಂದರೆ ಏನರ್ಥ ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳಿಕೊಂಡಿಲ್ಲ.

ಮೂಲನಿಷ್ಠರ ವಾದವನ್ನು ಅದರ ಅತ್ಯುತ್ತಮ ರೂಪದಲ್ಲಿಯೇ ಎದುರಿಗಿಟ್ಟುಕೊಳ್ಳಬೇಕು. ಅವರ ಪ್ರಕಾರ ಹಳೆಯ ಕಾರು ಬರೀ ವಾಹನವಲ್ಲ, ತನ್ನ ಕಾಲದ ದಾಖಲೆ. ಜನ ಹೇಗೆ ಕೂರುತ್ತಿದ್ದರು, ಯಾವ ಕೆಲಸವನ್ನು ಯಾವ ಕಾಲಿಗೆ ಒಪ್ಪಿಸಿದ್ದರು, ಯಾವುದನ್ನು ಅಪಾಯವೆಂದು ಎಣಿಸಿದ್ದರು, ಯಾವುದನ್ನು ಎಣಿಸಿಯೇ ಇರಲಿಲ್ಲ ಎಂಬುದೆಲ್ಲ ಆ ಕಂಟ್ರೋಲ್‌ಗಳ ಹಂಚಿಕೆಯಲ್ಲಿ ಬರೆದಿದೆ. ತಾಳೆಗರಿಯಲ್ಲಿ ಕಂಡ ಕಾಗುಣಿತದ ತಪ್ಪನ್ನು ಸಂಪಾದಕ ಅಡಿಟಿಪ್ಪಣಿಯಲ್ಲಿ ಹೇಳಬಹುದೇ ಹೊರತು ಗರಿಯನ್ನೇ ಕೆರೆದು ತಿದ್ದುವಂತಿಲ್ಲ. ಹಾಗೆಯೇ ಕಾರಿನ ವಕ್ರತನವನ್ನೂ ತಿದ್ದುವಂತಿಲ್ಲ. ಜೊತೆಗೆ ಒಂದು ವ್ಯಾವಹಾರಿಕ ಭಯವೂ ಇದೆ: ಒಬ್ಬೊಬ್ಬ ಒಡೆಯನೂ ಒಂದೊಂದನ್ನು ತನಗೆ ಬೇಕಾದಂತೆ ಮಾಡಿಕೊಂಡರೆ, ನಾಲ್ಕು ಕೈ ದಾಟುವಷ್ಟರಲ್ಲಿ ಮೂಲ ಹೇಗಿತ್ತೆಂದು ಹೇಳಬಲ್ಲ ಕಾರೇ ಉಳಿಯುವುದಿಲ್ಲ. ಈ ಎರಡೂ ಮಾತುಗಳಲ್ಲಿ ಹುರುಳಿದೆ. ನನ್ನ ತಕರಾರು ಇರುವುದು ಇವುಗಳಿಂದ ಅವರು ಎಳೆದಿರುವ ತೀರ್ಮಾನದ ಮೇಲೆ.

ಮೊದಲಿಗೆ, ‘ಕಾರ್ಖಾನೆ ಇಟ್ಟ ಜಾಗ’ ಎಂಬುದು ಅಷ್ಟೊಂದು ಸ್ಥಿರವಾದ ಸಂಗತಿಯೇ? ಬ್ರಿಟನ್ನಿನ ಎಂಜಿಬಿ 1962ರಿಂದ 1980ರವರೆಗೆ ತಯಾರಾಯಿತು. ಅದರ ಓವರ್‌ಡ್ರೈವ್ (ಹೆಚ್ಚುವರಿ ಗೇರಿನ) ಸ್ವಿಚ್ಚು ಮೊದಲು ಡ್ಯಾಶ್‌ಬೋರ್ಡಿನಲ್ಲಿತ್ತು, ಆಮೇಲೆ ಸ್ಟೀರಿಂಗ್ ಕಂಬದ ಕಡ್ಡಿಗೆ ಬಂತು, ಕೊನೆಗೆ ಗೇರ್ ಲಿವರಿನ ತಲೆಯ ಮೇಲೆ ಕೂತಿತು. 1959ರ ಮಿನಿ ಕಾರಿನಲ್ಲಿ ವೇಗದ ಮೀಟರು ಡ್ಯಾಶ್‌ಬೋರ್ಡಿನ ಮಧ್ಯದಲ್ಲಿದ್ದರೆ, ಹತ್ತು ವರ್ಷಗಳ ನಂತರ ಬಂದ ಮಿನಿ ಕ್ಲಬ್‌ಮನ್‌ನಲ್ಲಿ ಅದು ಚಾಲಕನ ಎದುರಿಗೆ ಸರಿದಿತ್ತು. ಜಾಗ್ವಾರ್ ಇ-ಟೈಪ್ 1961ರಲ್ಲಿ ಸಾಲಾಗಿ ಚಾಚಿಕೊಂಡ ಟಾಗಲ್ ಸ್ವಿಚ್ಚುಗಳೊಂದಿಗೆ ಬಂತು. ಅಮೆರಿಕದ ಸುರಕ್ಷತಾ ನಿಯಮಗಳು 1968ರ ಜನವರಿ 1ರಿಂದ ಜಾರಿಯಾದಾಗ ಅವುಗಳ ಜಾಗಕ್ಕೆ ಚಪ್ಪಟೆಯಾದ ರಾಕರ್ ಸ್ವಿಚ್ಚುಗಳು ಬಂದವು. ನಮ್ಮ ಅಂಬಾಸಿಡರ್ ದಶಕಗಟ್ಟಲೆ ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರಿನಲ್ಲೇ ಓಡಿತು. 1990ರ ದಶಕದ ಆರಂಭದಲ್ಲಿ ಇಸುಝು ಎಂಜಿನ್ನಿನ 1800 ಸಿಸಿ ಮಾದರಿ ಬಂದಾಗ ಐದು ಗೇರುಗಳ ಲಿವರು ನೆಲಕ್ಕಿಳಿಯಿತು. ಇವುಗಳಲ್ಲಿ ಯಾವುದು ಮೂಲ? ಎಲ್ಲವೂ, ತಮ್ಮ ತಮ್ಮ ವರ್ಷಕ್ಕೆ. ಹಾಗಿದ್ದರೆ ಜಾಗವೆಂಬುದು ಆ ಮಾದರಿಯ ಆತ್ಮವಾಗಲು ಸಾಧ್ಯವಿಲ್ಲ. ಒಂದು ನಿರ್ದಿಷ್ಟ ಕಾರು ಒಂದು ನಿರ್ದಿಷ್ಟ ವರ್ಷ ಹೇಗಿತ್ತು ಎಂಬ ಮಾಹಿತಿ ಮಾತ್ರ ಅದರಲ್ಲಿದೆ. ಮಾಹಿತಿಯನ್ನು ಕಾಪಾಡಲು ಹಲವು ದಾರಿಗಳುಂಟು, ವಸ್ತುವನ್ನು ಅಲುಗಾಡಿಸದೆ ಇಡುವುದು ಅವುಗಳಲ್ಲಿ ಒಂದು.

ಎರಡನೆಯದಾಗಿ, ಎಲ್ಲ ಜಾಗಗಳೂ ಒಂದೇ ಕಾರಣಕ್ಕೆ ಹುಟ್ಟಿದವಲ್ಲ. ಕೆಲವು ಜಾಗ ಯಂತ್ರದಿಂದಲೇ ಬಂದದ್ದು. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಎಡ ಪೆಡಲ್ ಗೇರಿಗೆ, ನಡುವಿನದು ಹಿಂದಕ್ಕೆ ಹೋಗಲು, ಬಲದ್ದು ಬ್ರೇಕಿಗೆ. ವೇಗ ಹೆಚ್ಚಿಸುವುದು ಸ್ಟೀರಿಂಗ್ ಕೆಳಗಿನ ಕೈಲಿವರು. ಇದನ್ನು ‘ಇಂದಿನಂತೆ’ ಮಾಡಹೊರಟರೆ ಗೇರ್‌ಬಾಕ್ಸನ್ನೇ ಕಿತ್ತು ಬೇರೆಯದನ್ನು ಹಾಕಬೇಕು. ಆಗ ನಮ್ಮ ಬಳಿ ಉಳಿಯುವುದು ಮಾಡೆಲ್ ಟಿಯ ಮೈ ಹೊದ್ದ ಇನ್ನೊಂದು ಕಾರು. ಇನ್ನು ಕೆಲವು ಜಾಗ ಜನಜೀವನದಿಂದ ಬಂದದ್ದು. ಗೇರ್ ಲಿವರು ನೆಲದಿಂದ ಸ್ಟೀರಿಂಗ್ ಕಂಬಕ್ಕೆ ಏರಿದ್ದರ ದೊಡ್ಡ ಲಾಭ ಮುಂದಿನ ಉದ್ದ ಸೀಟಿನಲ್ಲಿ ಮೂವರು ಕೂರಲು ಸಿಕ್ಕ ಜಾಗ. ಅಂಬಾಸಿಡರ್ ಟ್ಯಾಕ್ಸಿಯೊಳಗೆ ಒಂದಿಡೀ ಮದುವೆ ದಿಬ್ಬಣ ತುಂಬಿಕೊಳ್ಳುತ್ತಿದ್ದ ಕಾಲದ ನೆನಪು ಆ ಲಿವರಿನಲ್ಲಿದೆ. ಮೂರನೆಯ ಬಗೆಯ ಜಾಗಗಳು ಕೇವಲ ಅನುಕೂಲದವು: ವೈರು ಎಲ್ಲಿಯವರೆಗೆ ಮುಟ್ಟಿತು, ಹಳೆಯ ಅಚ್ಚಿನಲ್ಲಿ ತೂತು ಎಲ್ಲಿತ್ತು, ಯಾವ ಬಿಡಿಭಾಗ ಅಗ್ಗಕ್ಕೆ ಸಿಕ್ಕಿತು. ಮೂಲನಿಷ್ಠರು ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಯಂತ್ರದಿಂದ, ಜೀವನದಿಂದ ಹುಟ್ಟಿದ ಜಾಗಕ್ಕೆ ಸಲ್ಲಬೇಕಾದ ಗೌರವವನ್ನು ಲೆಕ್ಕಪತ್ರದಿಂದ ಹುಟ್ಟಿದ ಜಾಗಕ್ಕೂ ಕೊಡುತ್ತಾರೆ.

ಮೂರನೆಯ ಮಾತು ಇವೆರಡಕ್ಕಿಂತ ಮುಖ್ಯ. ಕಂಟ್ರೋಲಿನ ಜಾಗ ಎಂಬುದು ಲೋಹದ ಹಾಳೆಯ ಮೇಲೆ ಗುರುತು ಮಾಡಿದ ಒಂದು ಚುಕ್ಕಿಯಲ್ಲ. ಚಾಲಕನ ದೇಹಕ್ಕೂ ಆ ವಸ್ತುವಿಗೂ ಇರುವ ಸಂಬಂಧ ಅದು. ಮಿನಿಯ ಸ್ವಿಚ್ಚುಗಳು ಡ್ಯಾಶ್‌ಬೋರ್ಡಿನ ನಡುವೆ, ಕೆಳಗಡೆ ಇದ್ದವು. ಮುಂದಕ್ಕೆ ಬಾಗಿ ಒತ್ತುವವನಿಗೆ ತೊಂದರೆಯಿರಲಿಲ್ಲ. ಆದರೆ ಎಳೆದಷ್ಟೂ ಬಿಚ್ಚಿಕೊಳ್ಳುವ ಇಂದಿನ ಸೀಟ್‌ಬೆಲ್ಟ್ ಬರುವ ಮೊದಲು ಇದ್ದದ್ದು ಬಿಗಿದರೆ ಬಿಗಿದಂತೆಯೇ ಇರುವ ಬೆಲ್ಟು. ಅದನ್ನು ಹಾಕಿಕೊಂಡವನ ಬೆರಳು ಆ ಸ್ವಿಚ್ಚಿಗೆ ಎಟುಕುತ್ತಿರಲಿಲ್ಲ. ಹಾಗಾಗಿಯೇ ಸ್ವಿಚ್ಚಿನ ತುದಿಗೆ ಸಿಕ್ಕಿಸುವ ಉದ್ದನೆಯ ಕಡ್ಡಿಗಳು ಆ ಕಾಲದಲ್ಲೇ ಅಂಗಡಿಗೆ ಬಂದವು. ಇಲ್ಲಿ ಸ್ವಿಚ್ಚು ಕೂದಲೆಳೆಯಷ್ಟೂ ಕದಲಿರಲಿಲ್ಲ, ಆದರೂ ಅದರ ಜಾಗ ಬದಲಾಗಿತ್ತು. ಇಂದು ಹಳೆಯ ಕಾರಿಗೆ ಬೆಲ್ಟು ಹಾಕಿಸುವುದನ್ನು ಬಹುಪಾಲು ಮೂಲನಿಷ್ಠರೂ ಒಪ್ಪುತ್ತಾರೆ. ಬೆಲ್ಟನ್ನು ಒಪ್ಪಿದ ಗಳಿಗೆಯಲ್ಲೇ ಅವರು ಕಾರಿನೊಳಗಿನ ಎಲ್ಲ ಕಂಟ್ರೋಲ್‌ಗಳ ಜಾಗವನ್ನೂ ಬದಲಿಸಿಬಿಟ್ಟಿದ್ದಾರೆ. ಇನ್ನು ಉಳಿದಿರುವುದು ಆ ಬದಲಾವಣೆಯ ಪರಿಣಾಮವನ್ನು ಸರಿಪಡಿಸಬೇಕೋ ಬೇಡವೋ ಎಂಬ ಪ್ರಶ್ನೆ ಮಾತ್ರ. ವಯಸ್ಸಾದ ಒಡೆಯನ ಮಂಡಿಯ ವಿಷಯದಲ್ಲೂ ಇದೇ ನ್ಯಾಯ. ಅಂಗವಿಕಲರಿಗೆ ತಕ್ಕಂತೆ ವಾಹನವನ್ನು ಹೊಂದಿಸಿಕೊಳ್ಳಲು ಮೋಟಾರು ವಾಹನ ಕಾಯಿದೆಯೇ ಅವಕಾಶ ಕೊಟ್ಟಿರುವಾಗ, ‘ಆಗದವರು ಓಡಿಸಬಾರದು’ ಎನ್ನುವ ಬಿರುಸು ಸಂರಕ್ಷಣೆಯ ಮಾತಲ್ಲ, ಬರೀ ಜಂಬ.

ಕಾಪಾಡುವುದರಲ್ಲೇ ಎರಡು ಬಗೆ ಇದೆ ಎಂಬುದು ನಮಗೆ ಹೊಸದೇನಲ್ಲ. ಪುರಾತತ್ತ್ವ ಇಲಾಖೆಯ ವಶದಲ್ಲಿರುವ ಪೂಜೆಯಿಲ್ಲದ ಗುಡಿಯಲ್ಲಿ ಒಂದು ಕಲ್ಲೂ ಕದಲಬಾರದು, ಬಿರುಕೂ ದಾಖಲೆಯೇ. ದಿನವೂ ದೀಪ ಉರಿಯುವ ಗುಡಿಯಲ್ಲಿ ಕರೆಂಟು ಬರುತ್ತದೆ, ಮುದುಕರು ಹತ್ತಲು ಕಂಬಿ ಬರುತ್ತದೆ. ಅಲ್ಲಿ ಕಾಪಾಡುತ್ತಿರುವುದು ಕಲ್ಲನ್ನಷ್ಟೇ ಅಲ್ಲ, ಬಳಕೆಯನ್ನು. ಓಡದೆ ನಿಂತ ಕಾರು ಮೊದಲನೆಯದರ ಹಾಗೆ. ಧರ್ಮಸ್ಥಳದ ಕಾರು ಸಂಗ್ರಹದಲ್ಲಿ ನಿಂತಿರುವ ವಾಹನದ ಸ್ವಿಚ್ಚು ಸರಿಸಲು ಯಾರಿಗೂ ಕಾರಣವಿಲ್ಲ, ಏಕೆಂದರೆ ಅದನ್ನು ನೋಡುವವರಿದ್ದಾರೆ, ರಾತ್ರಿ ಓಡಿಸುವವರಿಲ್ಲ. ರಸ್ತೆಗಿಳಿಯುವ ಕಾರು ಎರಡನೆಯದರ ಹಾಗೆ. ನಮ್ಮ ಕಾರು ಪ್ರೇಮಿಗಳ ವಿರೋಧಾಭಾಸ ಇಲ್ಲಿದೆ: ಪೂಜೆ ನಡೆಯುವ ಗುಡಿಗೆ ಅವರು ಸ್ಮಾರಕದ ಕಾನೂನು ಹೇರುತ್ತಾರೆ. ಹಾಗೆಂದು ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಂಬಗಳಿಗೆ ಎಣ್ಣೆ ಬಣ್ಣ ಬಳಿದು, ಶಾಸನದ ಕಲ್ಲನ್ನು ಮೆಟ್ಟಿಲಿಗೆ ಹಾಸಿದ್ದನ್ನೂ ನಾವು ನೋಡಿದ್ದೇವೆ. ಬಳಕೆಯ ಹಕ್ಕು ಅಳಿಸುವ ಹಕ್ಕಾಗದಂತೆ ಎಲ್ಲಿ ಗೆರೆ ಎಳೆಯಬೇಕು ಎಂಬುದೇ ನಿಜವಾದ ಪ್ರಶ್ನೆ.

ಗೆರೆ ಎಳೆಯಲು ಎರಡು ಉದಾಹರಣೆಗಳನ್ನು ಹತ್ತಿರದಿಂದ ನೋಡೋಣ. ಒಂದು, ಕಾಲಿನ ಡಿಪ್ಪರ್. 1950ರ ದಶಕದ ಬ್ರಿಟಿಷ್ ಕಾರುಗಳಲ್ಲಿ, ಅವುಗಳ ಸಂತಾನವಾದ ನಮ್ಮ ಅಂಬಾಸಿಡರ್‌ನ ಹಳೆಯ ಮಾದರಿಗಳಲ್ಲಿ, ಇದು ಕ್ಲಚ್ ಪೆಡಲಿನ ಎಡಕ್ಕೆ ನೆಲದ ಮೇಲಿರುತ್ತದೆ. ಬಯಲು ರಸ್ತೆಯಲ್ಲಿ ಇದು ಸೊಗಸಾದ ಏರ್ಪಾಡು, ಎರಡೂ ಕೈ ಸ್ಟೀರಿಂಗ್ ಮೇಲೆಯೇ ಇರುತ್ತವೆ. ಆದರೆ ರಾತ್ರಿ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಗೇರು ಇಳಿಸಬೇಕಾದ ಕ್ಷಣಕ್ಕೇ ಎದುರಿನಿಂದ ಬಸ್ಸಿನ ಬೆಳಕು ಬಂದರೆ, ಕ್ಲಚ್ಚಿಗೂ ಡಿಪ್ಪರಿಗೂ ಇರುವುದು ಅದೇ ಒಂದು ಎಡಗಾಲು. ಇದು ಅಭ್ಯಾಸದ ಕೊರತೆಯಲ್ಲ. ಎಷ್ಟೇ ನುರಿತ ಚಾಲಕನಿಗೂ ಒಂದು ಕಾಲು ಒಂದೇ ಕ್ಷಣ ಎರಡು ಕಡೆ ಇರಲಾರದು. ಪರಿಹಾರಕ್ಕೆ ಮೂಲ ಡಿಪ್ಪರನ್ನು ಕೀಳಬೇಕಾಗಿಲ್ಲ. ಮಹಡಿ ಮೆಟ್ಟಿಲಿನ ದೀಪಕ್ಕೆ ಕೆಳಗೊಂದು ಮೇಲೊಂದು ಸ್ವಿಚ್ಚು ಇರುವ ಟೂ-ವೇ ವೈರಿಂಗ್ ಎಲ್ಲರ ಮನೆಯಲ್ಲೂ ಇದೆ. ಅದೇ ತತ್ತ್ವದಲ್ಲಿ ಕಾಲಿನ ಸ್ವಿಚ್ಚಿಗೆ ಜೋಡಿಯಾಗಿ ಸ್ಟೀರಿಂಗ್ ಕಂಬಕ್ಕೆ ಪಟ್ಟಿಯಿಂದ ಬಿಗಿದ ಒಂದು ಕೈಸ್ವಿಚ್ಚು ಹಾಕಿ, ಇವೆರಡೂ ಒಂದು ರಿಲೇಯನ್ನು (ಕರೆಂಟಿನಿಂದ ನಡೆಯುವ ಸ್ವಿಚ್ಚನ್ನು) ನಡೆಸುವಂತೆ ಮಾಡಬಹುದು. ಕರೆಂಟಿಲ್ಲದಾಗ ರಿಲೇ ತಗ್ಗಿದ ಬೆಳಕಿನ ಕಡೆಗೇ ನಿಲ್ಲುವಂತೆ ಜೋಡಿಸಿ ಫ್ಯೂಸ್ ಕೊಟ್ಟರೆ, ಅದರ ವೈರು ತುಂಡಾದರೂ ಎದುರಿನವನ ಕಣ್ಣು ಕುಕ್ಕುವುದಿಲ್ಲ. ಒಂದು ತೂತೂ ಹೊಡೆಯದೆ, ಒಂದು ಮೂಲ ಭಾಗವೂ ಹೋಗದೆ ಕೆಲಸ ಮುಗಿಯುತ್ತದೆ. ‘ಸರಿಸು’ ಮತ್ತು ‘ಬಿಡು’ ಎಂಬ ಎರಡೇ ದಾರಿ ಇವೆಯೆಂದು ಜಗಳವಾಡುತ್ತಿದ್ದವರಿಗೆ ‘ಸೇರಿಸು’ ಎಂಬ ಮೂರನೆಯ ದಾರಿ ಕಾಣಬೇಕಿತ್ತು.

ಎರಡು, ನಡುವಿನ ಆಕ್ಸಿಲರೇಟರ್. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಎಂಬ ಇಂದಿನ ಸಾಲು 1916ರ ಒಂದು ಕ್ಯಾಡಿಲಾಕ್ ಮಾದರಿಯಲ್ಲಿ ಕಾಣಿಸಿಕೊಂಡು, 1922ರ ಆಸ್ಟಿನ್ ಸೆವೆನ್‌ನಿಂದಾಗಿ ಬ್ರಿಟನ್ನಿನಲ್ಲಿ ಮನೆಮಾತಾಯಿತು. ಆದರೂ 1920ರ ದಶಕದ ಬೆಂಟ್ಲಿಗಳಲ್ಲಿ, 1950ರ ದಶಕದ ರೇಸ್ ಕಾರು ಮಸೆರಾಟಿ 250ಎಫ್‌ನಲ್ಲಿಯೂ ಆಕ್ಸಿಲರೇಟರ್ ನಡುವೆ, ಬ್ರೇಕು ಬಲಕ್ಕೆ ಇರುತ್ತಿತ್ತು. ವಾರಪೂರ್ತಿ ಇಂದಿನ ಕಾರು ಓಡಿಸಿ ಭಾನುವಾರ ಇಂಥದ್ದನ್ನು ಹೊರತೆಗೆಯುವವನ ಎದುರಿಗೆ ಮಗುವೊಂದು ಓಡಿಬಂದರೆ ಅವನ ಕಾಲು ನಡುವಿನ ಪೆಡಲಿಗೇ ಹೋಗುತ್ತದೆ. ಇಂದಿನ ಕಾರಿನಲ್ಲಿ ಅದು ಬ್ರೇಕು, ಇದರಲ್ಲಿ ವೇಗ. ಹಳೆಯ ಬುಲೆಟ್ ಬೈಕಿನ ಬಲಗಡೆಯ ಗೇರು, ಎಡಗಡೆಯ ಬ್ರೇಕನ್ನು ಬಲ್ಲವರಿಗೆ ಈ ಅಪಾಯ ವಿವರಿಸಬೇಕಾಗಿಲ್ಲ. ಹಳೆಯ ಕಾರಿನ ವಾಸನೆ, ಸದ್ದು, ಸೀಟುಗಳೇ ಚಾಲಕನನ್ನು ಎಚ್ಚರಿಸುತ್ತವೆ ಎಂಬ ಸಮಾಧಾನ ಇಲ್ಲಿ ಸಾಲದು. ಯೋಚಿಸಿ ಮಾಡುವ ಕೆಲಸಕ್ಕೆ ಪರಿಸರದ ಎಚ್ಚರಿಕೆ ಒದಗುತ್ತದೆ. ಗಾಬರಿಯಲ್ಲಿ ಯೋಚನೆಯೇ ಇರುವುದಿಲ್ಲ, ಕಾಲಿಗೆ ಕಲಿತದ್ದಷ್ಟೇ ಗೊತ್ತು. ಆದರೆ ಇದೇ ತರ್ಕವನ್ನು ತಿರುಗಿಸಿಯೂ ನೋಡಬೇಕು. ಮೂವತ್ತು ವರ್ಷ ಅದೇ ಬೆಂಟ್ಲಿಯನ್ನೇ ಓಡಿಸಿದವನಿಗೆ ಪೆಡಲ್ ಬದಲಿಸಿದರೆ ನಾವೇ ಅಪಾಯ ತಂದಿಟ್ಟಂತೆ. ಆದ್ದರಿಂದ ‘ಇಂದಿನ ಜೋಡಣೆ ಸುರಕ್ಷಿತ’ ಎಂಬ ಸಾಮಾನ್ಯ ಹೇಳಿಕೆ ಸುಳ್ಳು. ಸುರಕ್ಷಿತವಾದದ್ದು ಆ ಚಾಲಕನ ಕಾಲು ಕಲಿತ ಜೋಡಣೆ. ಬದಲಿಸಿದವನು ಅದನ್ನು ಪೆಡಲಿನ ಬಳಿ ಎದ್ದು ಕಾಣುವಂತೆ ಬರೆದಿಡಬೇಕು. ಇಲ್ಲವಾದರೆ ಹಳೆಯ ಕ್ರಮವನ್ನೇ ನಂಬಿ ಹತ್ತಿದ ಮೆಕ್ಯಾನಿಕ್ಕಿಗೆ ಅದೇ ಬೋನು.

ಸರಿಸುವುದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದನ್ನು ವಿಮಾನಗಳ ಇತಿಹಾಸ ಕಲಿಸಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರುಗಳ ಪೈಲಟ್‌ಗಳು ನೆಲ ಮುಟ್ಟಿದ ಮೇಲೆ ರೆಕ್ಕೆಯ ಫ್ಲಾಪ್ ಎತ್ತಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಮನಶ್ಶಾಸ್ತ್ರಜ್ಞ ಆಲ್ಫಾನ್ಸ್ ಚಪಾನಿಸ್ ನೋಡಿದಾಗ ಕಂಡದ್ದು ಅಕ್ಕಪಕ್ಕದಲ್ಲಿದ್ದ, ಕೈಗೆ ಒಂದೇ ಥರ ಹತ್ತುವ ಎರಡು ಸ್ವಿಚ್ಚುಗಳು. ಚಕ್ರದ ಕಂಟ್ರೋಲಿಗೆ ಪುಟ್ಟ ಗಾಲಿಯ ಆಕಾರ, ಫ್ಲಾಪಿನದಕ್ಕೆ ಬೆಣೆಯ ಆಕಾರ ಕೊಡುವುದು ಅವರ ಪರಿಹಾರ. ಜಾಗ ಬದಲಾಗಲಿಲ್ಲ, ಸ್ಪರ್ಶ ಬದಲಾಯಿತು. ಹಳೆಯ ಕಾರಿನ ಸಾಲು ಟಾಗಲ್‌ಗಳಲ್ಲಿ ವೈಪರ್ ಯಾವುದು, ಲೈಟ್ ಯಾವುದು ಎಂದು ಕತ್ತಲಲ್ಲಿ ತಡಕಾಡುವವರಿಗೆ ಒಂದರ ತುದಿಗೆ ಹಾಕಿದ ರಬ್ಬರ್ ಕೊಳವೆ ಸಾಕಾಗಬಹುದು. ಅನುಕೂಲವಾದಿಗಳು ಎಡವುವುದು ಇಲ್ಲಿಯೇ: ತೊಂದರೆ ಕಂಡೊಡನೆ ಅದು ಜಾಗದ ತೊಂದರೆ ಎಂದು ನಿರ್ಧರಿಸುತ್ತಾರೆ. ಅಂಬಾಸಿಡರ್, ಪದ್ಮಿನಿ ಕಾರುಗಳ ಹ್ಯಾಂಡ್ ಗೇರು ಕಿತ್ತು ನೆಲಕ್ಕೆ ಲಿವರು ಹಾಕಿಸಿಕೊಂಡ ಅನೇಕರ ಕಷ್ಟ ಸವೆದ ಬುಷ್‌ಗಳದ್ದು, ಸಡಿಲಾದ ಕೊಂಡಿಗಳದ್ದು. ಹೊಸ ಬುಷ್ ಹಾಕಿದ್ದರೆ ಗೇರು ಬೆಣ್ಣೆಯಂತೆ ಬೀಳುತ್ತಿತ್ತು. ಅದರ ಬದಲು ನೆಲ ಕೊಯ್ದು, ಮೂವರ ಸೀಟಿನ ಇತಿಹಾಸವನ್ನೂ ಕೊಯ್ದು ಹಾಕಿದರು.

ಈಗ ಆಕ್ಷೇಪಗಳ ಸರದಿ.

1. ‘ಇಂದು ಸ್ವಿಚ್ಚು, ನಾಳೆ ಎಂಜಿನ್ನು. ಒಮ್ಮೆ ಬಾಗಿಲು ತೆರೆದರೆ ಮುಚ್ಚುವುದೆಲ್ಲಿ?’ ಅಳತೆಗೋಲು ಇಲ್ಲದಿದ್ದರೆ ಈ ಭಯ ನಿಜ. ‘ಬಿಚ್ಚಿದರೆ ಕಲೆ ಉಳಿಯಬಾರದು’ ಎಂಬ ಒಂದೇ ಷರತ್ತು ಇಟ್ಟರೂ ಎಂಜಿನ್ ಬದಲಾವಣೆಗೆ ಬೇಕಾಗುವ ಕೊಯ್ತ ಬಾಗಿಲಲ್ಲೇ ನಿಲ್ಲುತ್ತದೆ.

2. ‘ಕಷ್ಟವೇ ಇತಿಹಾಸ. ಅದನ್ನು ತೆಗೆದರೆ ಅಂದಿನ ಚಾಲಕ ಪಟ್ಟ ಪಾಡು ಹೇಗೆ ತಿಳಿಯಬೇಕು?’ ಇದು ನಾನು ಅರ್ಧ ಒಪ್ಪುವ ಆಕ್ಷೇಪ. ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಉಳಿದ ಕಾರಿಗೆ ಇದು ಪೂರ್ತಿ ಅನ್ವಯಿಸುತ್ತದೆ, ಅದನ್ನು ಮುಟ್ಟಬಾರದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ, 2014ರವರೆಗೆ, ತಯಾರಾದ ಅಂಬಾಸಿಡರಿಗೆ ಅಷ್ಟು ಬಿಗಿ ಬೇಡ. ಅಲ್ಲದೆ ಅಂದಿನ ಚಾಲಕನ ಕಷ್ಟ ಅಂದಿನ ರಸ್ತೆಯಲ್ಲಿತ್ತು. ಇಂದಿನ ದಟ್ಟಣೆಯಲ್ಲಿ ನಾವು ಪಡುವುದು ಅವನು ಕಾಣದ ಬೇರೊಂದು ಕಷ್ಟ.

3. ‘ಬೆಲೆ ಬಿದ್ದುಹೋಗುತ್ತದೆ.’ ಬೀಳಬಹುದು. ಆದರೆ ಇದು ಮಾರುಕಟ್ಟೆಯ ವಾದ, ಮೂಲತನದ ಸೋಗು ಹಾಕಿಕೊಂಡು ಬರಬಾರದು. ತೆಗೆದ ಭಾಗವೂ ವೈರಿಂಗಿನ ನಕ್ಷೆಯೂ ಕಾರಿನ ಜೊತೆಗಿದ್ದರೆ ಕೊಳ್ಳುವವನು ಒಂದು ಮಧ್ಯಾಹ್ನದಲ್ಲಿ ಮೊದಲಿನಂತೆ ಮಾಡಿಕೊಳ್ಳಬಲ್ಲ.

4. ‘ಹೊಸದನ್ನು ಹಳೆಯದರ ಹಾಗೆ ತೋರಿಸುವುದು ಮೋಸ.’ ಇದಕ್ಕೆ ನನ್ನ ಪೂರ್ಣ ಸಮ್ಮತಿ. ಸ್ಮಾರಕಗಳ ಸಂರಕ್ಷಣೆ ಕುರಿತ 1964ರ ವೆನಿಸ್ ಸನದು, ಬದಲಿಗೆ ಹಾಕಿದ ಭಾಗ ಉಳಿದದ್ದರೊಡನೆ ಹೊಂದಿಕೊಳ್ಳಬೇಕು ಆದರೆ ಮೂಲದಿಂದ ಬೇರೆಯೆಂದು ಗುರುತಾಗಬೇಕು ಎನ್ನುತ್ತದೆ. ದೂರದಿಂದ ಕಣ್ಣಿಗೆ ಚುಚ್ಚದ, ಹತ್ತಿರ ಬಂದವನಿಗೆ ಸುಳ್ಳು ಹೇಳದ ಸ್ವಿಚ್ಚು ಹಾಕುವುದು ಕಷ್ಟವೇನಲ್ಲ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿಕೊಂಡ ಟ್ಯೂರಿನ್ ಸನದು ಕೂಡ ಆ ವೆನಿಸ್ ಸನದಿನ ದಾರಿಯಲ್ಲೇ ನಡೆದಿದೆ. ಬಳಕೆಗೆ, ಸುರಕ್ಷತೆಗೆ ಬೇಕಾದ ಬದಲಾವಣೆಗಳನ್ನು ಅದು ನಿಷೇಧಿಸುವುದಿಲ್ಲ. ಅವು ಎದ್ದು ಕಾಣದಂತಿರಬೇಕು, ಹಿಂದಿರುಗಿಸಲು ಬರುವಂತಿರಬೇಕು, ತೆಗೆದ ಮೂಲ ಭಾಗಗಳು ವಾಹನದ ಜೊತೆಗಿರಬೇಕು ಎಂದಷ್ಟೇ ಕೇಳುತ್ತದೆ. ನಮ್ಮಲ್ಲಿ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿ ಮೂಲ ರೂಪದಲ್ಲಿ ಉಳಿದ ವಾಹನಗಳಿಗೆ ‘ವಿಎ’ ಎಂಬ ಅಕ್ಷರಗಳಿರುವ ನಂಬರು ಕೊಡುತ್ತದೆ. ಯಾವ ಮಾರ್ಪಾಡು ಆಗಿರಬಾರದು ಎನ್ನುವಾಗ ಅದು ಹೆಸರಿಸುವುದು ಚಾಸಿ, ಬಾಡಿ ಮತ್ತು ಎಂಜಿನ್‌ಗಳನ್ನು. ಬಿಗಿಯಾಗಿ ಕಾಯಬೇಕಾದ ಸನದೂ ಸರ್ಕಾರವೂ ಬಿಟ್ಟಿರುವ ಜಾಗವನ್ನು ಹವ್ಯಾಸಿಗಳು ಮುಚ್ಚುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದವು ಮೂರೇ ಪ್ರಶ್ನೆ. ಈ ಕಂಟ್ರೋಲ್ ಬೇಕಾಗುವುದು ಗಾಬರಿಯಲ್ಲೋ ಬಿಡುವಿನಲ್ಲೋ? ಬಿಡುವಿನಲ್ಲಾದರೆ, ಹೀಟರಿನ ಗುಂಡಿಯಂತೆ, ಅದು ಎಷ್ಟೇ ವಕ್ರವಾಗಿದ್ದರೂ ಇದ್ದಲ್ಲಿರಲಿ. ಅದರ ಜಾಗ ಹುಟ್ಟಿದ್ದು ಯಂತ್ರದಿಂದಲೋ, ಜನಜೀವನದಿಂದಲೋ, ಕಾರ್ಖಾನೆಯ ಅನುಕೂಲದಿಂದಲೋ? ಮೊದಲೆರಡಾದರೆ ಕಲಿಯಬೇಕಾದವರು ನಾವು, ಬದಲಾಗಬೇಕಾದ್ದು ಕಾರಲ್ಲ. ಮಾಡಿದ್ದನ್ನು ಬಿಚ್ಚಿದ ದಿನ ತೂತು ಉಳಿಯುತ್ತದೆಯೇ? ಉಳಿಯುವುದಾದರೆ ಇನ್ನೊಂದು ವಿಧಾನ ಹುಡುಕಬೇಕು. ಈ ಮೂರನ್ನೂ ದಾಟಿ ಬಂದ ಬದಲಾವಣೆಯನ್ನು ಮೂಲತನದ ಹೆಸರಿನಲ್ಲಿ ತಡೆಯುವವರು ಕಾಪಾಡುತ್ತಿರುವುದು ಕಾರನ್ನಲ್ಲ, ತಮ್ಮ ಹಟವನ್ನು. ದಾಟದ ಬದಲಾವಣೆಯನ್ನು ಅನುಕೂಲದ ಹೆಸರಿನಲ್ಲಿ ಮಾಡುವವರು ಕೊಯ್ಯುತ್ತಿರುವುದು ಮುಂದಿನ ಒಡೆಯನ ಆಸ್ತಿಯನ್ನು. ಹಳೆಯ ಕಾರು ನಮ್ಮ ಕಾಲಕ್ಕೆ ಮುಗಿಯುವ ವಸ್ತುವಲ್ಲ. ನಾವು ಸರಿಸಿದ ಸ್ವಿಚ್ಚು ಎಲ್ಲಿತ್ತು ಎಂಬ ಚೀಟಿಯನ್ನೂ ಅದರ ಮೂಲ ತಿರುಪನ್ನೂ ಒಂದು ಲಕೋಟೆಯಲ್ಲಿ ಹಾಕಿ ಕಾರಿನೊಳಗೇ ಇಡಿ.